ಸಹಿಯಿಲ್ಲದ ತಿದ್ದುಪಡಿ

ನಾಸಿಕದಲ್ಲಿ ನೆಲೆಸಿರುವ ನಾವು ಕೆಲವು ಕನ್ನಡ ಕುಟುಂಬಗಳು ಸೇರಿ ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವ ಮಾಡುತ್ತೇವೆ. ಕಳೆದ ಬಾರಿ ಊಟದ ಪಂಕ್ತಿಯಲ್ಲಿ ನನ್ನ ಬಲಗಡೆ ಒಬ್ಬ ತರುಣ ಕುಳಿತಿದ್ದ. ಹುಬ್ಬಳ್ಳಿಯ ಕಡೆಯವನು, ಇಂಜಿನಿಯರಿಂಗ್ ಮುಗಿಸಿ ಸಾತಪುರದ ಕೈಗಾರಿಕಾ ವಸಾಹತಿನಲ್ಲಿ ಕೆಲಸಕ್ಕಿದ್ದಾನೆ. ಹೊಸದಾಗಿ ಕೊಂಡ ಡೀಸೆಲ್ ಕಾರಿನ ಇಂಜಿನ್ ಕಂಪ್ಯೂಟರನ್ನು ಮರುಪ್ರೋಗ್ರಾಂ ಮಾಡಿಸಬೇಕೆಂದಿದ್ದೇನೆ ಎಂದು ಹೇಳಿದ. "ರೀಮ್ಯಾಪಿಂಗ್" ಎಂದು ಅದಕ್ಕೆ ಹೆಸರು. ಅವನ ತಂದೆ, "ಅದೆಲ್ಲ ತಪ್ಪಲ್ಲವೇನೋ?" ಎಂದರು. ಮಗ ಹೋಳಿಗೆ ಮುರಿಯುತ್ತಲೇ, "ನನ್ನ ಕಾರು, ನನ್ನ ದುಡ್ಡು, ಇದರಲ್ಲಿ ತಪ್ಪು ಎಲ್ಲಿಂದ ಬಂತು?" ಎಂದು ಕೇಳಿದ. ಅವರಿಬ್ಬರೂ ನನ್ನ ಕಡೆಗೆ ನೋಡಿದರು. ಬಿ.ಎಸ್‌ಸಿ. ಓದಿದವನು, ಸರ್ಕಾರಿ ಕಚೇರಿಯಲ್ಲಿರುವವನು, ಏನಾದರೂ ತೀರ್ಪು ಕೊಟ್ಟಾನು ಎಂದು ಅವರ ನಿರೀಕ್ಷೆ. ನಾನು ಸಾರು ಬೇಡಿ ಮಾತು ತಪ್ಪಿಸಿದೆ.

ತಪ್ಪಿಸಿದ್ದಕ್ಕೆ ಕಾರಣವಿತ್ತು. ಆ ಕಾರಣವನ್ನೂ, ಅಂದು ಹೇಳದೆ ಉಳಿದ ಉತ್ತರವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಇದು ಬರೀ ಮೋಟಾರಿನ ವಿಷಯವೆಂದು ಗೃಹಿಣಿಯರು ಪುಟ ತಿರುವಬಾರದೆಂದು ನನ್ನ ವಿನಂತಿ. ನಮ್ಮ ಮನೆಯಲ್ಲಿ ಈ ವಿಷಯದ ನ್ಯಾಯ ಮೊದಲು ಕಂಡದ್ದು ನನ್ನ ಹೆಂಡತಿಗೆ.

ಮೊದಲು ಈ ವಸ್ತು ಯಾವುದೆಂದು ಹೇಳಿಬಿಡುತ್ತೇನೆ. ನನ್ನ ಸೋದರಮಾವನ ಹತ್ತಿರ ಒಂದು ಎಜ್ಡಿ ಮೋಟಾರ್ ಸೈಕಲ್ ಇತ್ತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಭಾನುವಾರ ಬೆಳಗ್ಗೆ ಮಾವ ಸ್ಕ್ರೂಡ್ರೈವರ್ ಹಿಡಿದು ಕಾರ್ಬ್ಯುರೇಟರಿನ ತಿರುಪನ್ನು ಕಾಲು ಸುತ್ತು ಅತ್ತ, ಕಾಲು ಸುತ್ತು ಇತ್ತ ತಿರುಗಿಸಿ, ಕಿವಿಗೊಟ್ಟು ಕೇಳುತ್ತಿದ್ದರು. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಇಲ್ಲವೇ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಎಣಿಕೆ ತಪ್ಪಿದರೆ ಹೊಗೆ ಬೀದಿಗೆಲ್ಲ ಹರಡುತ್ತಿತ್ತು, ಅಕ್ಕಪಕ್ಕದವರು ಕಿಟಕಿ ಮುಚ್ಚಿ ಬೈಯುತ್ತಿದ್ದರು. ಮಾವ ತಿರುಪನ್ನು ಹಿಂದಕ್ಕೆ ತಿರುಗಿಸುತ್ತಿದ್ದರು. ಅದು ಸರಿಯೋ ತಪ್ಪೋ ಎಂಬ ಜಿಜ್ಞಾಸೆ ಯಾರಿಗೂ ಹುಟ್ಟಲಿಲ್ಲ. ಕಿಟಕಿಯಿಂದ ಬಂದ ಬೈಗುಳವೇ ಸಾಕಾಗಿತ್ತು.

ಈಗಿನ ಕಾರುಗಳಲ್ಲಿ ಆ ತಿರುಪು ಇಲ್ಲ. ಅದರ ಜಾಗದಲ್ಲಿ ಅಂಗೈ ಅಗಲದ ಒಂದು ಲೋಹದ ಪೆಟ್ಟಿಗೆ ಕುಳಿತಿದೆ. ಅದರೊಳಗೆ ಅಂಕಿಗಳ ಕೋಷ್ಟಕಗಳಿವೆ. ಇವಕ್ಕೆ ಆ ಕಸುಬಿನವರು ಮ್ಯಾಪ್, ಅಂದರೆ ನಕ್ಷೆ ಎನ್ನುತ್ತಾರೆ. ಕೇಂದ್ರ ಸರ್ಕಾರದ ನೌಕರರಿಗೆ ಇದನ್ನು ಸುಲಭವಾಗಿ ವಿವರಿಸಬಹುದು. 2016ರಿಂದ ನಮ್ಮ ಸಂಬಳ ನಿರ್ಧಾರವಾಗುವುದು ಪೇ ಮ್ಯಾಟ್ರಿಕ್ಸ್ ಎಂಬ ಕೋಷ್ಟಕದಿಂದಲ್ಲವೇ? ಮೇಲೆ ಅಡ್ಡಕ್ಕೆ ಹಂತ, ಕೆಳಗೆ ಉದ್ದಕ್ಕೆ ವರ್ಷ. ಎರಡೂ ಕೂಡುವ ಮನೆಯಲ್ಲಿ ನಿಮ್ಮ ಮೂಲವೇತನ. ಹಾಗೆಯೇ ಇಲ್ಲಿ ಅಡ್ಡಕ್ಕೆ ಇಂಜಿನ್ನಿನ ವೇಗ, ಉದ್ದಕ್ಕೆ ಚಾಲಕ ಎಷ್ಟು ಶಕ್ತಿ ಬೇಡುತ್ತಿದ್ದಾನೆಂಬ ಲೆಕ್ಕ. ಕೂಡುವ ಮನೆಯಲ್ಲಿ ಎಷ್ಟು ಡೀಸೆಲ್, ಯಾವ ಕ್ಷಣದಲ್ಲಿ, ಯಾವ ಒತ್ತಡದಲ್ಲಿ ಚಿಮ್ಮಬೇಕು ಎಂಬ ಅಂಕಿ. ಟರ್ಬೋ ಎಷ್ಟು ಗಾಳಿ ತುರುಕಬೇಕು ಎಂಬುದಕ್ಕೆ ಇನ್ನೊಂದು ಕೋಷ್ಟಕ, ಹೊಗೆ ಮೀರದಂತೆ ಡೀಸೆಲನ್ನು ತಡೆಯುವುದಕ್ಕೆ ಮತ್ತೊಂದು. ಸೆಕೆಂಡಿನ ಸಾವಿರದ ಕೆಲವೇ ಭಾಗಗಳಲ್ಲಿ, 1,600 ಬಾರ್ ಅಥವಾ ಅದಕ್ಕೂ ಮೀರಿದ ಒತ್ತಡದಲ್ಲಿ ಈ ಚಿಮ್ಮುವಿಕೆ ನಡೆಯುತ್ತದೆ. ಸ್ಟೀರಿಂಗಿನ ಕೆಳಗಿರುವ ಒಂದು ಕಿಂಡಿಗೆ ತಂತಿ ಸಿಕ್ಕಿಸಿ, ಲ್ಯಾಪ್‌ಟಾಪಿನಿಂದ ಹಳೆಯ ಕೋಷ್ಟಕ ತೆಗೆದು ಹೊಸದನ್ನು ತುಂಬುವುದೇ ರೀಮ್ಯಾಪಿಂಗ್. ಮನೆಮನೆಯ ಅಂಕಿಯನ್ನೂ ಒಂದಿಷ್ಟು ಮೇಲಕ್ಕೆತ್ತುತ್ತಾರೆ. ವೇತನ ಆಯೋಗಕ್ಕೆ ಹತ್ತು ವರ್ಷ ಕಾಯಬೇಕಾಗಿಲ್ಲ. ಅರ್ಧ ಗಂಟೆಯಲ್ಲಿ ಇಂಜಿನ್ನಿನ ಬಲ ನೂರಕ್ಕೆ ಇಪ್ಪತ್ತರಷ್ಟು ಏರುತ್ತದೆ.

ಈ ಚಿಮ್ಮುಕದ ವಿದ್ಯೆಗೂ ಕನ್ನಡ ನಾಡಿಗೂ ಹಳೆಯ ನಂಟು. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕೋ ಕಂಪನಿ ದೇಶದ ಲಾರಿ, ಟ್ರ್ಯಾಕ್ಟರುಗಳಿಗೆ ಡೀಸೆಲ್ ಪಂಪುಗಳನ್ನು ಒದಗಿಸಿತು. ಅದೇ ಕಂಪನಿ ನಾಸಿಕದ ಸಾತಪುರದಲ್ಲಿಯೂ ಕಾರ್ಖಾನೆ ಕಟ್ಟಿತು. 2008ರಲ್ಲಿ ಅದರ ಹೆಸರು ಬಾಷ್ ಎಂದಾದರೂ ಬೆಂಗಳೂರಿನಲ್ಲಿ ಮೈಕೋ ಲೇಔಟ್ ಇದೆ, ನಾಸಿಕದಲ್ಲಿ ಮೈಕೋ ಸರ್ಕಲ್ ಇದೆ. ನಾನು ಈ ಊರಿಗೆ ವರ್ಗವಾಗಿ ಬಂದ ಹೊಸತರಲ್ಲಿ ಆಟೋದವನ ಬಾಯಿಂದ ಆ ಹೆಸರು ಕೇಳಿ ತವರಿನವರು ಸಿಕ್ಕಷ್ಟು ಹಿಗ್ಗಿದ್ದೆ.

ಇನ್ನು ನನ್ನ ಕಥೆ. 2015ರಲ್ಲಿ ಸಾಲ ಮಾಡಿ ಒಂದು ಹಳೆಯ ಡೀಸೆಲ್ ಕಾರು ಕೊಂಡೆ. ಊರಲ್ಲಿ ಓಡಾಡಲು ಚೆನ್ನಾಗಿಯೇ ಇತ್ತು. ಆದರೆ ಮುಂಬಯಿಗೆ ಹೋಗಿಬರುವಾಗ ಕಸಾರಾ ಘಾಟಿನಲ್ಲಿ ನನ್ನ ಮಾನ ಹೋಗುತ್ತಿತ್ತು. ಹೆಂಡತಿ, ಇಬ್ಬರು ಮಕ್ಕಳು, ತಾಯಿ, ಡಿಕ್ಕಿಯ ತುಂಬ ಊರಿನ ಜೋಳದ ಹಿಟ್ಟು, ಏ.ಸಿ. ಬೇರೆ; ಏರಿನಲ್ಲಿ ಲಾರಿಯನ್ನು ದಾಟಲು ಹೊರಟರೆ ಅರ್ಧ ದಾಟಿ ಏದುಸಿರು ಬಿಡುತ್ತಿತ್ತು. ಹಿಂದಿನಿಂದ ಹಾರ್ನು, ಎದುರಿನಲ್ಲಿ ತಿರುವು. ಒಮ್ಮೆ ಹಾಗೆ ಸಿಕ್ಕಿಕೊಂಡಾಗ ತಾಯಿ ಕಣ್ಣು ಮುಚ್ಚಿ ದೇವರನ್ನು ನೆನೆದದ್ದು ಕನ್ನಡಿಯಲ್ಲಿ ಕಾಣಿಸಿತು.

ನನ್ನ ಭಾವಮೈದ ಛತ್ರಪತಿ ಸಂಭಾಜಿನಗರದಲ್ಲಿದ್ದಾನೆ. ಆಗ ಅದು ಔರಂಗಾಬಾದ್. ಹೆಸರು ಬದಲಾದದ್ದು 2023ರಲ್ಲಿ. ಮೋಟಾರಿನ ಊರು ಅದು: ವಾಳೂಜಿನಲ್ಲಿ 1985ರಿಂದ ಬಜಾಜ್, ಶೇಂದ್ರಾದಲ್ಲಿ 2001ರಿಂದ ಸ್ಕೋಡಾ. ಅಲ್ಲಿ ಈ ಕೆಲಸ ಬಲ್ಲ ಒಬ್ಬ ಮೆಕ್ಯಾನಿಕ್ಕನ ಪರಿಚಯ ಅವನಿಗಿತ್ತು. 2017ರ ಬೇಸಿಗೆಯಲ್ಲಿ ಯೇವಲಾ, ವೈಜಾಪುರದ ದಾರಿಯಾಗಿ ಹೋದೆವು. ಮಕ್ಕಳನ್ನೂ ಹೆಂಡತಿಯನ್ನೂ ಎಲ್ಲೋರಕ್ಕೆ ಕಳುಹಿಸಿ ನಾನು ಗ್ಯಾರೇಜಿನಲ್ಲಿ ಕುಳಿತೆ. ಆ ಹುಡುಗ ಮೊದಲು ಹಳೆಯ ನಕ್ಷೆಯನ್ನು ಲ್ಯಾಪ್‌ಟಾಪಿನಲ್ಲಿ ಜೋಪಾನವಾಗಿ ಉಳಿಸಿಕೊಂಡ. "ಸಾಹೇಬರೇ, ಬೇಡವೆನಿಸಿದ ದಿನ ಬನ್ನಿ, ಹಿಂದಿನಂತೆಯೇ ಮಾಡಿಕೊಡುತ್ತೇನೆ. ಕಂಪನಿಯವರ ಅಪ್ಪನಿಗೂ ಗೊತ್ತಾಗುವುದಿಲ್ಲ" ಎಂದ. ಈ ಮಾತಿನಿಂದಲೇ ನನಗೆ ಧೈರ್ಯ ಬಂತು. ಅದೇ ಮಾತಿನಿಂದ ನನಗೆ ಅನುಮಾನವೂ ಬರಬೇಕಾಗಿತ್ತೆಂದು ಈಗ ತಿಳಿಯುತ್ತದೆ.

ಮರಳುವಾಗ ಕಾರು ಕುದುರೆಯಾಗಿತ್ತು. ಸುಳ್ಳು ಹೇಳುವುದಿಲ್ಲ, ಆ ಸಂತೋಷ ದೊಡ್ಡದು. ಮುಂದಿನ ತಿಂಗಳು ಕಸಾರಾ ಘಾಟಿನಲ್ಲಿ ನಾಲ್ಕು ಲಾರಿ ದಾಟಿದೆ. ತಾಯಿಗೆ ದೇವರನ್ನು ನೆನೆಯುವ ಪ್ರಸಂಗ ಬರಲಿಲ್ಲ. ಹೆಂಡತಿ ಮಾತ್ರ ಹಿಂದಿನ ಗಾಜಿನಲ್ಲಿ ನೋಡಿ, "ಏನ್ರೀ, ಕರಿ ಹೊಗೆ ಬರ್ತಾ ಇದೆಯಲ್ಲ, ಹಿಂದೆ ಸ್ಕೂಟರಿನಲ್ಲಿ ಮಗು ಕೂತಿದೆ" ಎಂದಳು. ಏರಿನಲ್ಲಿ ಒಂದಿಷ್ಟು ಬರುತ್ತದೆ ಎಂದೆ. ನಮ್ಮ ಮಾವನ ಬೀದಿಯ ಕಿಟಕಿ ನನ್ನ ಪಕ್ಕದ ಸೀಟಿನಲ್ಲೇ ತೆರೆದಿತ್ತು, ನಾನು ಕೇಳಿಸಿಕೊಳ್ಳಲಿಲ್ಲ.

ಈಗ ಪ್ರಶ್ನೆಗೆ ಬರೋಣ. ಇದರಲ್ಲಿ ತಪ್ಪೇನು? ತರುಣನ ಪಕ್ಷವನ್ನು ಮೊದಲು ನ್ಯಾಯವಾಗಿ ಮಂಡಿಸಬೇಕು, ಏಕೆಂದರೆ ಅದರಲ್ಲಿ ಹುರುಳಿದೆ.

ಒಂದು, ಕೊಂಡ ವಸ್ತುವನ್ನು ಬಿಚ್ಚಿ ನೋಡುವ, ತಿದ್ದಿಕೊಳ್ಳುವ ಹಕ್ಕು ಮನುಷ್ಯನಿಗೆ ಇರಬೇಕು. ಹೊಲಿಸಿದ ಅಂಗಿಯನ್ನು ಸಡಿಲ ಮಾಡಿಸಿಕೊಳ್ಳಲು ದರ್ಜಿಯ ಅಪ್ಪಣೆ ಕೇಳುವವರುಂಟೇ? ಅಮೆರಿಕದಲ್ಲಿ ಕಾರಿನೊಳಗಿನ ಪ್ರೋಗ್ರಾಮಿಗೆ ಗ್ರಂಥಸ್ವಾಮ್ಯದ ಬೀಗ ಹಾಕಿದ್ದ ಪ್ರಕರಣದಲ್ಲಿ 2015ರಲ್ಲಿ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ವಾಹನದ ಒಡೆಯರಿಗೆ ರಿಪೇರಿಗೂ ಕಾನೂನುಬದ್ಧ ಮಾರ್ಪಾಡಿಗೂ ವಿನಾಯಿತಿ ಕೊಟ್ಟಿತು. ಕಾನೂನುಬದ್ಧ ಎಂಬ ಪದವನ್ನು ಗಮನಿಸಬೇಕು. ಹೊಗೆಯ ನಿಯಮಕ್ಕೆ ವಿನಾಯಿತಿ ಇರಲಿಲ್ಲ.

ಎರಡು, ಕಂಪನಿಗಳೇ ಒಂದೇ ಇಂಜಿನ್ನಿಗೆ ಎರಡು ಬಲ ಕೊಟ್ಟು ಎರಡು ಬೆಲೆಗೆ ಮಾರುತ್ತವೆ. ಮಹೀಂದ್ರದ ಸ್ಕಾರ್ಪಿಯೋ ಮೊದಲು ಹೊರಬಂದದ್ದು 2002ರಲ್ಲಿ, ನಮ್ಮ ನಾಸಿಕದ ಕಾರ್ಖಾನೆಯಿಂದ. 2022ರಲ್ಲಿ ಬಂದ ಸ್ಕಾರ್ಪಿಯೋ ಎನ್‌ನಲ್ಲಿ 2.2 ಲೀಟರಿನ ಡೀಸೆಲ್ ಇಂಜಿನ್ 132 ಅಶ್ವಶಕ್ತಿಯಲ್ಲೂ ಸಿಕ್ಕಿತು, 175ರಲ್ಲೂ ಸಿಕ್ಕಿತು. ಹಾಗಿದ್ದ ಮೇಲೆ ಅಂಕಿ ಏರಿಸುವುದು ಕಂಪನಿಗೆ ಧರ್ಮ, ನನಗೆ ಅಧರ್ಮವೇ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಆದರೆ ಒಂದು ವ್ಯತ್ಯಾಸವುಂಟು. ಕಂಪನಿಯವರು ಎರಡೂ ಬಲವನ್ನು ಪರೀಕ್ಷೆಗೆ ಒಡ್ಡಿ, ಪ್ರಮಾಣಪತ್ರ ಪಡೆದು, ಕಾಗದದಲ್ಲಿ ಬರೆದು ಮಾರುತ್ತಾರೆ. ಅವರು ಉಳಿಸಿಟ್ಟ ಅಂತರವೂ ಬರೀ ಜಿಪುಣತನವಲ್ಲ. ಕಳಪೆ ಡೀಸೆಲ್, ಮರಾಠವಾಡದ ಬಿಸಿಲು, ಸರ್ವಿಸ್ ಮರೆಯುವ ನನ್ನಂಥ ಒಡೆಯ, ಇವೆಲ್ಲಕ್ಕೂ ಅವರು ಜಾಗ ಬಿಟ್ಟಿರುತ್ತಾರೆ. ರೀಮ್ಯಾಪಿನವನು ಮಾರುವುದು ಆ ಜಾಗವನ್ನೇ.

ಮೂರು, ಅತಿ ಬಲವಾದ ವಾದ: ನಿಯಮ ಮಾಡಿ ನಮಗೆ ಬುದ್ಧಿ ಹೇಳುವ ದೊಡ್ಡವರು ತಾವೇ ಏನು ಮಾಡಿದರು? ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅದರಲ್ಲಿ ನಮ್ಮ ಬೆಂಗಳೂರಿನವರೊಬ್ಬರ ಪಾತ್ರವಿದೆ.

ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಕಾರ್ಡರ್ ಎಂಬವರ ಕೈಕೆಳಗೆ ಒಂದು ಚಿಕ್ಕ ತಂಡವಿತ್ತು. ಅದರಲ್ಲಿ ಬೆಂಗಳೂರಿನ ಹೇಮಂತ್ ಕಪ್ಪಣ್ಣ, ಅರವಿಂದ್ ತಿರುವೆಂಗಡಂ, ಮಾರ್ಕ್ ಬೆಶ್ ಎಂಬ ಯುವಕರಿದ್ದರು. ಹೊಗೆ ಅಳೆಯುವ ಯಂತ್ರವನ್ನು ಕಾರಿನ ಡಿಕ್ಕಿಯಲ್ಲಿಟ್ಟು ನಿಜವಾದ ರಸ್ತೆಯಲ್ಲಿ ಓಡಿಸಿ ನೋಡುವುದು ಅವರ ಕೆಲಸ. ಯಾರನ್ನೂ ಹಿಡಿಯಲು ಅವರು ಹೊರಟಿರಲಿಲ್ಲ. ಅಮೆರಿಕದ ಡೀಸೆಲ್ ಕಾರುಗಳು ಯೂರೋಪಿನವಕ್ಕಿಂತ ಶುದ್ಧವೆಂದು ತೋರಿಸುವ ಉದ್ದೇಶದಿಂದ ಕೊಟ್ಟ ಅಲ್ಪ ಹಣದ ಯೋಜನೆ ಅದು. ಆದರೆ ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಜೆಟ್ಟಾ ಕಾರು ನೈಟ್ರೋಜನ್ ಆಕ್ಸೈಡುಗಳನ್ನು ನಿಯಮಕ್ಕಿಂತ 15ರಿಂದ 35 ಪಟ್ಟು, ಪಸಾಟ್ ಕಾರು 5ರಿಂದ 20 ಪಟ್ಟು ಉಗುಳಿತು. ಪ್ರಯೋಗಾಲಯದ ಉರುಳೆಗಳ ಮೇಲೆ ಮಾತ್ರ ಅವೇ ಕಾರುಗಳು ಸಾಧುಗಳಾಗಿದ್ದವು.

ತಂಡದ ವರದಿ 2014ರಲ್ಲಿ ಹೊರಬಂತು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಇಲಾಖೆ ನೋಟಿಸು ಕೊಟ್ಟಾಗ ಗುಟ್ಟು ರಟ್ಟಾಯಿತು. ಇಂಜಿನ್ ಕಂಪ್ಯೂಟರಿನಲ್ಲಿ ಎರಡು ನಡತೆಗಳನ್ನು ಬರೆದಿಟ್ಟಿದ್ದರು. ಸ್ಟೀರಿಂಗ್ ಅಲುಗದೆ ಚಕ್ರ ಮಾತ್ರ ತಿರುಗುತ್ತಿದ್ದರೆ, ವೇಗ ಮತ್ತು ಅವಧಿ ಪರೀಕ್ಷೆಯ ಕ್ರಮಕ್ಕೆ ಹೊಂದುತ್ತಿದ್ದರೆ, ಇದು ಪರೀಕ್ಷೆ ಎಂದು ತಿಳಿದು ಕಾರು ಸಭ್ಯವಾಗುತ್ತಿತ್ತು. ರಸ್ತೆಗಿಳಿದೊಡನೆ ತನ್ನ ಪಾಡು. ಮೇಲಧಿಕಾರಿಗಳ ತಪಾಸಣೆಯ ದಿನ ನಮ್ಮ ಕಚೇರಿಗಳು ಹೇಗಿರುತ್ತವೆಂದು ಬಲ್ಲವರಿಗೆ ಇದರ ತಂತ್ರ ಬಿಡಿಸಿ ಹೇಳಬೇಕಾಗಿಲ್ಲ. ಜಗತ್ತಿನಾದ್ಯಂತ ಇಂಥ ಸುಮಾರು 1 ಕೋಟಿ 10 ಲಕ್ಷ ಕಾರುಗಳು. ಕಂಪನಿ 2017ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಆ ಪೆಟ್ಟಿಗೆ ಒದಗಿಸಿದ ಬಾಷ್ ಕಂಪನಿಯೂ 2019ರಲ್ಲಿ ಜರ್ಮನಿಯಲ್ಲಿ 9 ಕೋಟಿ ಯೂರೋ ದಂಡ ತೆತ್ತಿತು.

ನಮ್ಮ ದೇಶದಲ್ಲಿ 2015ರ ಡಿಸೆಂಬರಿನಲ್ಲಿ ಆ ಸಮೂಹ 3,23,700 ಕಾರುಗಳನ್ನು ಹಿಂದೆ ಕರೆಸುವುದಾಗಿ ಪ್ರಕಟಿಸಿತು. ಅವುಗಳಲ್ಲಿ 88,700 ಸ್ಕೋಡಾ ಹೆಸರಿನವು. ಪುಣೆಯ ಎ.ಆರ್.ಎ.ಐ. ಸಂಸ್ಥೆ ರಸ್ತೆಯಲ್ಲಿ ಅಳೆದಾಗ ಹೊಗೆ ಭಾರತ್ ಸ್ಟೇಜ್ 4ರ ಮಿತಿಯ 1.1ರಿಂದ 2.6 ಪಟ್ಟು ಇತ್ತು. ರಾಷ್ಟ್ರೀಯ ಹಸಿರು ಪೀಠ 2019ರ ಮಾರ್ಚಿನಲ್ಲಿ 500 ಕೋಟಿ ರೂಪಾಯಿ ದಂಡ ವಿಧಿಸಿತು. ಭಾರತದ ನಿಯಮ ಮುರಿದಿಲ್ಲವೆಂದು ಕಂಪನಿ ವಾದಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಬಲವಂತದ ಕ್ರಮಕ್ಕೆ ಅಲ್ಲಿ ಅದೇ ಮೇ ತಿಂಗಳಲ್ಲಿ ತಡೆ ಸಿಕ್ಕಿತು. ಹಿಂದೆ ಕರೆಸಿದ ಕಾರುಗಳಿಗೆ ಮಾಡಿದ ಚಿಕಿತ್ಸೆ ಯಾವುದೆಂದರೆ, ಮುಖ್ಯವಾಗಿ, ಇಂಜಿನ್ ಕಂಪ್ಯೂಟರಿನ ಮರುಪ್ರೋಗ್ರಾಂ. ತಪ್ಪು ನಡೆದದ್ದೂ ಕೋಷ್ಟಕದಲ್ಲಿ, ಪ್ರಾಯಶ್ಚಿತ್ತವೂ ಕೋಷ್ಟಕದಲ್ಲಿಯೇ. ಅಂದ ಮೇಲೆ ಅಂಕಿಯನ್ನು ಮುಟ್ಟುವುದೇ ಪಾಪವೆಂದು ಹೇಳಲಾಗುವುದಿಲ್ಲ.

ಕಪ್ಪಣ್ಣನವರ ವಿಷಯ ಒಂದು ಮಾತು. ಅವರು ಆಮೇಲೆ ಅಮೆರಿಕದ ಒಂದು ದೊಡ್ಡ ಮೋಟಾರು ಕಂಪನಿಗೆ ಸೇರಿದ್ದರು. 2019ರಲ್ಲಿ ಆ ಕಂಪನಿ ಸಾವಿರಾರು ಜನರನ್ನು ತೆಗೆದಾಗ ಇವರ ಕೆಲಸವೂ ಹೋಯಿತು. ಹೊಗೆಯ ವಿಷಯಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಕಂಪನಿ ಹೇಳಿತು. ಪರದೇಶದಲ್ಲಿ ಕೆಲಸವಿಲ್ಲದವನಿಗೆ ವೀಸಾ ಎಷ್ಟು ದಿನ? ಬೆಂಗಳೂರಿಗೆ ಮರಳಿದರು. ಜಗತ್ತಿನ ದೊಡ್ಡ ಮೋಸವೊಂದು ಬಯಲಾಗಲು ದುಡಿದ ಮನುಷ್ಯ ಸದ್ದಿಲ್ಲದೆ ಊರಿಗೆ ಬಂದಿಳಿದರು. ವಲಸೆ ಬಂದ ನಮಗೆ ಆ ಬರವಿನ ಭಾರ ಗೊತ್ತಾಗುತ್ತದೆ.

ಈಗ ತರುಣ ಹೇಳಬಹುದು: "ನೋಡಿದಿರಾ, ಅಷ್ಟು ದೊಡ್ಡವರೇ ಹಾಗೆ; ನನ್ನ ಒಂದು ಕಾರಿನಿಂದ ಏನಾಗುತ್ತದೆ?" ನಾನೂ ಹೀಗೆಯೇ ಅಂದುಕೊಂಡಿದ್ದೆ. ಆದರೆ ಅವರ ತಪ್ಪು ಯಾವುದೆಂದು ನಿಧಾನವಾಗಿ ಯೋಚಿಸಿದಾಗ ನನ್ನ ವಾದ ಕುಸಿಯಿತು. ಹೆಚ್ಚು ಹೊಗೆ ಬಿಟ್ಟಿದ್ದು ಅವರ ತಪ್ಪಿನ ಒಂದು ಭಾಗ. ನೋಡುವವರಿಗೆ ಒಂದು, ನೋಡದವರಿಗೆ ಒಂದು ಎಂದು ಎರಡು ಮುಖ ಇಟ್ಟುಕೊಂಡದ್ದು ಇನ್ನೊಂದು ಭಾಗ. ನನ್ನ ಕಾರಿಗೂ ಎರಡು ಮುಖವಿತ್ತು. ವರ್ಷಕ್ಕೊಮ್ಮೆ ಪೆಟ್ರೋಲ್ ಬಂಕಿನ ಪಿ.ಯು.ಸಿ. ಪರೀಕ್ಷೆಗೆ ಹೋದಾಗ ಅದು ಪಾಸಾಗುತ್ತಿತ್ತು. ಆ ಪರೀಕ್ಷೆಯಲ್ಲಿ ಡೀಸೆಲ್ ಕಾರಿನ ಹೊಗೆಯ ಕಪ್ಪನ್ನಷ್ಟೇ ಅಳೆಯುತ್ತಾರೆ, ಅದೂ ನಿಂತಲ್ಲೇ, ಭಾರ ಹೊರಿಸದೆ. ನೈಟ್ರೋಜನ್ ಆಕ್ಸೈಡನ್ನು ಅಳೆಯುವುದೇ ಇಲ್ಲ. ಬಿಸಿಲಿಗೆ ಸಿಕ್ಕಿ ಓಝೋನ್ ಆಗಿ, ಉಬ್ಬಸದ ಮಕ್ಕಳ ಎದೆಯನ್ನು ಹಿಂಡುವ ಅನಿಲ ಅದೇ ಎಂಬುದು ಬಿ.ಎಸ್‌ಸಿ. ಓದಿದ ನನಗೆ ಗೊತ್ತಿತ್ತು. ಗೊತ್ತಿದ್ದೂ ಪ್ರಮಾಣಪತ್ರವನ್ನು ಗಾಜಿನ ಹಿಂದೆ ಸಿಕ್ಕಿಸಿಕೊಂಡು ಓಡಾಡಿದೆ. ಅವರದು ಕೋಟಿಯ ಲೆಕ್ಕ, ನನ್ನದು ಒಂದರ ಲೆಕ್ಕ. ಗಾತ್ರ ಬೇರೆ, ಜಾತಿ ಒಂದೇ.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ನಿರ್ದೇಶಿಸಿದ್ದಕ್ಕಿಂತ ಬೇರೆಯಾಗುವಂತೆ ಒಡೆಯನು ವಾಹನವನ್ನು ಮಾರ್ಪಡಿಸಕೂಡದು. 2019ರ ತಿದ್ದುಪಡಿಯಲ್ಲಿ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಎಂದಿದೆ. ಆದರೆ ಪೆಟ್ಟಿಗೆಯೊಳಗಿನ ಅಂಕಿಯನ್ನು ದಾರಿಯಲ್ಲಿ ನಿಂತ ಯಾವ ಪೇದೆ ಓದಬಲ್ಲ? ಕಾನೂನಿನ ಕಣ್ಣು ತಲುಪದ ಜಾಗದಲ್ಲಿ ಮನುಷ್ಯ ಹೇಗಿರುತ್ತಾನೆ ಎಂಬುದೇ ನಿಜವಾದ ನೀತಿಯ ಪ್ರಶ್ನೆ.

ಇದು ಹೊಸ ಪ್ರಶ್ನೆಯಲ್ಲ. ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಗ್ರೀಸಿನ ಪ್ಲೇಟೋ ತನ್ನ 'ರಿಪಬ್ಲಿಕ್' ಗ್ರಂಥದಲ್ಲಿ ಒಬ್ಬ ಕುರುಬನ ಕಥೆ ಹೇಳಿಸಿದ್ದಾನೆ. ಅವನಿಗೊಂದು ಉಂಗುರ ಸಿಗುತ್ತದೆ. ಅದರ ಹರಳನ್ನು ಅಂಗೈಯ ಕಡೆಗೆ ತಿರುಗಿಸಿದರೆ ಅವನು ಯಾರ ಕಣ್ಣಿಗೂ ಕಾಣುವುದಿಲ್ಲ, ಹೊರಕ್ಕೆ ತಿರುಗಿಸಿದರೆ ಮತ್ತೆ ಕಾಣುತ್ತಾನೆ. ಇಂಥ ಉಂಗುರ ಕೈಯಲ್ಲಿದ್ದೂ ನ್ಯಾಯವಾಗಿ ನಡೆಯುವವನು ಯಾರಾದರೂ ಇದ್ದಾನೆಯೇ ಎಂದು ಅಲ್ಲಿ ಪ್ರಶ್ನೆ. ಸಂಭಾಜಿನಗರದ ಗ್ಯಾರೇಜಿನಲ್ಲಿ ನನಗೆ ಸಿಕ್ಕಿದ್ದು ಆ ಉಂಗುರ. ಅದನ್ನು ಹೊರಕ್ಕೆ ತಿರುಗಿಸುವ ದಿನವೂ ಬಂತು.

2021ರಲ್ಲಿ ಕಾರು ಮಾರಲು ನಿಶ್ಚಯಿಸಿದೆ. ಕೊಳ್ಳಲು ಬಂದವರು ನಮ್ಮ ಕನ್ನಡ ಬಳಗದ ಒಬ್ಬ ಗೃಹಸ್ಥರು. ಅಂಬಡ್ ವಸಾಹತಿನಲ್ಲಿ ಕೆಲಸ, ಇಬ್ಬರು ಹೆಣ್ಣುಮಕ್ಕಳು. "ಹೊರಗಿನವರ ಕಾರು ನಂಬಲಾಗುವುದಿಲ್ಲ ಸಾರ್, ನೀವು ನಮ್ಮವರು" ಎಂದು ಮೆಕ್ಯಾನಿಕ್ಕನನ್ನೂ ಕರೆತರಲಿಲ್ಲ. ಅವರು ಹಣ ಹೊಂದಿಸುವ ಹದಿನೈದು ದಿನದಲ್ಲಿ ನಾನು ಸಂಭಾಜಿನಗರಕ್ಕೆ ಹೋಗಿ ಹಳೆಯ ನಕ್ಷೆಯನ್ನು ತುಂಬಿಸಿಕೊಂಡು ಬಂದೆ. ಅದೇನು ತಪ್ಪೇ? ಕಂಪನಿ ಕೊಟ್ಟಂತೆಯೇ ಅವರಿಗೆ ಕೊಡುತ್ತಿದ್ದೇನಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹೆಂಡತಿ ಕೇಳಿದಳು: "ಹೇಳಿದಿರಾ ಅವರಿಗೆ?" ಹೇಳಲು ಈಗ ಏನೂ ಉಳಿದಿಲ್ಲವಲ್ಲ ಎಂದೆ. "ಏನೂ ಉಳಿದಿಲ್ಲದಿದ್ದರೆ ಹೇಳಲು ಏನು ಕಷ್ಟ?" ಎಂದಳು. ಈ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಎಂಟು ತಿಂಗಳಾದ ಮೇಲೆ ಆ ಕಾರಿನ ಕ್ಲಚ್ ಜಾರತೊಡಗಿತು. ಹಿಂದೆಯೇ ಟರ್ಬೋ ಕೆಟ್ಟಿತು. ಅರವತ್ತು ಸಾವಿರಕ್ಕೂ ಮೇಲೆ ಬಿಲ್ಲು. ಆ ವರ್ಷವೇ ದೊಡ್ಡ ಮಗಳ ಕಾಲೇಜು ಶುಲ್ಕ ಕಟ್ಟುವುದಿತ್ತು. ಅವರು ನನ್ನ ಮೇಲೆ ಸಂಶಯ ಪಡಲಿಲ್ಲ. "ಹಣೆಬರಹ ಸಾರ್" ಎಂದರು. ನನ್ನ ರೀಮ್ಯಾಪಿನಿಂದಲೇ ಕೆಟ್ಟಿತೇ? ನಾಲ್ಕು ವರ್ಷ ಹೆಚ್ಚು ಗಾಳಿ, ಹೆಚ್ಚು ಶಾಖ, ಹೆಚ್ಚು ಎಳೆತಕ್ಕೆ ಸಿಕ್ಕ ಭಾಗಗಳು ಸವೆದಿರಬಹುದು. ಲಕ್ಷ ಕಿಲೋಮೀಟರು ದಾಟಿದ ಕಾರಿನಲ್ಲಿ ಅವು ತಾವಾಗಿಯೂ ಕೆಡಬಹುದು. ನಿಜ ಯಾವುದೆಂದು ಯಾರೂ ಹೇಳಲಾರರು. ಏಕೆಂದರೆ ಹೇಳಬಹುದಾಗಿದ್ದ ಗುರುತನ್ನು ನಾನೇ ಅಳಿಸಿಬಿಟ್ಟಿದ್ದೆ. ಕಂಪ್ಯೂಟರಿನ ಅಂಕಿಗಳು ಹಿಂದಿನ ಸ್ಥಿತಿಗೆ ಬಂದಿದ್ದವು. ಲೋಹಕ್ಕೆ ಹಿಂದಿನ ಸ್ಥಿತಿ ಎಂಬುದಿಲ್ಲ.

ಅಂದು ಮಕ್ಕಳು ಎಲ್ಲೋರದಿಂದ ಮರಳಿ ಬಂದು ಕೈಲಾಸ ದೇವಾಲಯವನ್ನು ವರ್ಣಿಸಿದ್ದರು. ನಮ್ಮ ರಾಷ್ಟ್ರಕೂಟರ ಕೃಷ್ಣ ಎಂಟನೆಯ ಶತಮಾನದಲ್ಲಿ ಮಾಡಿಸಿದ್ದು; ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದು ದೇವಾಲಯವನ್ನು ಹೊರತೆಗೆದಿದ್ದಾರೆ. "ಒಂದು ಏಟು ತಪ್ಪಿದ್ದರೆ ಏನಪ್ಪಾ ಮಾಡ್ತಿದ್ದರು?" ಎಂದು ಚಿಕ್ಕವನು ಕೇಳಿದ್ದ. ತೆಗೆದ ಕಲ್ಲನ್ನು ಮತ್ತೆ ಅಂಟಿಸಲು ಬರುವುದಿಲ್ಲವಾದ್ದರಿಂದ ಆ ಶಿಲ್ಪಿಗಳು ಪ್ರತಿ ಏಟಿಗೂ ಮೊದಲು ಯೋಚಿಸಿದ್ದಾರು. ನಮಗೆ ಹಿಂದಕ್ಕೆ ಹೋಗುವ ಗುಂಡಿಯೊಂದು ಸಿಕ್ಕಿದೆ. ಅದರಿಂದ ಯೋಚಿಸುವ ಅಭ್ಯಾಸ ತಪ್ಪಿದೆ.

ನಾನು ಗುಮಾಸ್ತೆ. ಇಪ್ಪತ್ತು ವರ್ಷದಿಂದ ಸೇವಾ ಪುಸ್ತಕ, ಲೆಜರುಗಳಲ್ಲಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಮೊದಲ ದಿನವೇ ಕಲಿಸುವ ಪಾಠವೊಂದುಂಟು: ತಪ್ಪು ಬರೆದರೆ ರಬ್ಬರಿನಿಂದ ಅಳಿಸಬಾರದು, ಬಿಳಿ ಬಣ್ಣ ಹಚ್ಚಬಾರದು, ಅಂಕಿಯ ಮೇಲೆ ಅಂಕಿ ಬರೆಯಬಾರದು. ಹಳೆಯ ಅಂಕಿ ಓದಲು ಬರುವಂತೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ಸಹಿ ಮತ್ತು ತಾರೀಖು ಹಾಕಬೇಕು. ತಿದ್ದುವುದು ಅಪರಾಧವಲ್ಲ. ಯಾರು, ಯಾವಾಗ, ಏನನ್ನು ತಿದ್ದಿದರು ಎಂದು ಮುಂದೆ ಆ ಪುಟ ತೆರೆಯುವವನಿಗೆ ತಿಳಿಯಬೇಕು. ಕಚೇರಿಯಲ್ಲಿ ಅಷ್ಟು ನಿಷ್ಠೆಯಿಂದ ಪಾಲಿಸಿದ ಈ ನಿಯಮವನ್ನು ನಾನು ಸ್ವಂತ ಕಾರಿನಲ್ಲಿ ಎರಡು ಸಲ ಮುರಿದೆ: ಸಹಿಯಿಲ್ಲದೆ ತಿದ್ದಿದೆ, ಸಹಿಯಿಲ್ಲದೆಯೇ ಅಳಿಸಿದೆ. ಎರಡನೆಯದು ಹೆಚ್ಚು ಕೆಟ್ಟದ್ದು.

ಹಾಗಾದರೆ ಸಹಿ ಹಾಕಿ, ಎಲ್ಲರಿಗೂ ಹೇಳಿ ತಿದ್ದಿದರೆ ಸರಿಯಾಗುತ್ತದೆಯೇ? ಅರ್ಧ ಮಾತ್ರ. ಕೊಳ್ಳುವವನಿಗೆ ಹೇಳಬಹುದು, ವಿಮೆಯವರಿಗೆ ಹೇಳಬಹುದು, ಪಕ್ಕದಲ್ಲಿ ಕೂರುವ ಹೆಂಡತಿಯನ್ನು ಕೇಳಬಹುದು. ಇವರು ಒಪ್ಪಲೂಬಹುದು, ಬೇಡವೆನ್ನಲೂಬಹುದು. ಆದರೆ ಕಸಾರಾ ಘಾಟಿನಲ್ಲಿ ಹಿಂದಿನ ಸ್ಕೂಟರಿನ ಮೇಲೆ ಕುಳಿತ ಮಗುವನ್ನು ಯಾರು ಕೇಳಿದರು? ಗಾಳಿಯ ವಿಷಯದಲ್ಲಿ ಒಪ್ಪಿಗೆ ಪಡೆಯುವ ದಾರಿಯೇ ಇಲ್ಲ. ಆ ಮಗುವಿನ ಪರವಾಗಿ ಯಾರಾದರೂ ಮಾತಾಡಿದ್ದರೆ ಅದು ಹೊಗೆಯ ನಿಯಮ ಒಂದೇ. ಆ ನಿಯಮದಲ್ಲಿ ಎಷ್ಟೇ ಕುಂದಿರಲಿ, ಪರೀಕ್ಷೆ ಎಷ್ಟೇ ಪೊಳ್ಳಾಗಿರಲಿ, ಅದನ್ನು ಗುಟ್ಟಾಗಿ ದಾಟುವವನು ಆ ಮಗುವಿನ ಬಾಯಿ ಮುಚ್ಚಿದಂತೆ. ಆದ್ದರಿಂದ ತರುಣನಿಗೆ ನನ್ನ ಉತ್ತರ ಇಷ್ಟು: ಕಾರು ನಿನ್ನದು, ಹೌದು. ಅದರ ಹೊಗೆ ನಿನ್ನದಲ್ಲ. ಅದರ ನಾಳೆಯೂ ಪೂರ್ತಿ ನಿನ್ನದಲ್ಲ. ಅದನ್ನು ಇನ್ನೊಬ್ಬ ಗೃಹಸ್ಥ ನಂಬಿಕೆಯಿಂದ ಕೊಳ್ಳಲಿದ್ದಾನೆ. ಹೊಗೆಯ ಮಿತಿಯೊಳಗೆ, ಕಾನೂನಿನ ಒಪ್ಪಿಗೆಯೊಂದಿಗೆ, ಕಾಗದದ ಮೇಲೆ ಬರೆದು ತಿದ್ದುವ ಮಾರ್ಗವಿದ್ದರೆ ತಿದ್ದಿಕೊ. ನಿನ್ನ ವಿದ್ಯೆಗೆ ನನ್ನ ಗೌರವವಿದೆ. "ಯಾರಿಗೂ ಗೊತ್ತಾಗುವುದಿಲ್ಲ" ಎಂಬುದೇ ಆ ಕೆಲಸದ ಬಂಡವಾಳವಾದರೆ ಗ್ಯಾರೇಜಿನಿಂದ ಎದ್ದು ಬಾ.

ನನ್ನ ಕಥೆಯ ಕೊನೆ ಹೇಳದಿದ್ದರೆ ಇದೂ ಸಹಿಯಿಲ್ಲದ ಬರಹವಾಗುತ್ತದೆ. ಎರಡು ತಿಂಗಳು ನಿದ್ದೆಗೆಟ್ಟು, ಒಂದು ಭಾನುವಾರ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬಿಲ್ಲಿನ ಅರ್ಧ ಹಣವನ್ನು ಲಕೋಟೆಯಲ್ಲಿಟ್ಟು ಕೊಟ್ಟೆ. ಅವರ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲೇ ಹೇಳಿದ್ದರೂ ನಾನು ಕಾರು ತೆಗೆದುಕೊಳ್ಳುತ್ತಿದ್ದೆ ಸಾರ್. ಒಂದು ಸಲ ಬಿಚ್ಚಿಸಿ ನೋಡುತ್ತಿದ್ದೆ, ಅಷ್ಟೆ" ಎಂದರು. ಹಣ ತೆಗೆದುಕೊಂಡರು, ಎಣಿಸಿ ತೆಗೆದುಕೊಂಡರು. ಎಣಿಸಿದ್ದು ನ್ಯಾಯವೇ. ಆದರೆ ಅದಕ್ಕಿಂತ ಮುಂಚೆ, ಕಾರು ಕೊಳ್ಳುವಾಗ, ನಾನು ಕೊಟ್ಟ ಕಾಗದಗಳನ್ನು ಅವರು ತೆರೆದೂ ನೋಡಿರಲಿಲ್ಲ.

ಈಗಲೂ ಯುಗಾದಿಗೆ ಬೇವು-ಬೆಲ್ಲ ಹಂಚಲು ಎರಡೂ ಮನೆಯವರು ಕೂಡುತ್ತೇವೆ. ಮಾತು, ನಗು ಎಲ್ಲ ಹಿಂದಿನಂತೆಯೇ ಇದೆ. ಹೊಸಬರಿಗೆ ನನ್ನನ್ನು ಪರಿಚಯಿಸುವಾಗ ಅವರು "ಇವರು ನಮ್ಮವರು" ಎಂದೇ ಹೇಳುತ್ತಾರೆ. ಹೇಳುವ ಮುಂಚೆ ಒಂದು ಕ್ಷಣ ತಡೆಯುತ್ತಾರೆ ಎಂದು ನನಗೆ ಅನ್ನಿಸುತ್ತದೆ. ಅದು ನನ್ನ ಭ್ರಮೆಯೂ ಇರಬಹುದು. ರಾಜ್ಯೋತ್ಸವದ ದಿನ ಅವರು ನಮ್ಮ ಎದುರು ಪಂಕ್ತಿಯಲ್ಲೇ ಊಟಕ್ಕೆ ಕುಳಿತಿದ್ದರು. ನಾನು ಸಾರು ಬೇಡಿ ಮಾತು ತಪ್ಪಿಸಿದ್ದು ಅದಕ್ಕೇ. ಆ ತರುಣ ಈ ಪತ್ರಿಕೆಯನ್ನು ಓದುತ್ತಾನೆಂದು ಅವನ ತಂದೆ ಹೇಳಿದ್ದಾರೆ.